ಮಾಲೀಕರು ಬದಲಾದ ಪತ್ರಿಕೆ

ಮೊನ್ನೆ ಜೇವರ್ಗಿಯ ಕ್ಷೌರದಂಗಡಿಯಲ್ಲಿ ಸರದಿಗೆ ಕಾಯುತ್ತ ಕೂತಿದ್ದಾಗ ಆ ಪತ್ರಿಕೆ ಕೈಗೆ ಸಿಕ್ಕಿತು. ಬೆಂಗಳೂರಿನಲ್ಲಿ ಅಚ್ಚಾಗುವ, ಮಾಮೂಲಿ ಪತ್ರಿಕೆಯ ಅರ್ಧ ಅಳತೆಯ ದಿನಪತ್ರಿಕೆ. ಅದನ್ನು ಮತ್ತೆ ಯಾರೋ ಕೊಂಡರೆಂದು ಮುಖಪುಟದಲ್ಲೇ ಹಾಕಿದ್ದರು. ನೀವಾಗಿದ್ದರೆ ಪುಟ ಮಗುಚುತ್ತಿದ್ದಿರಿ. ನನಗೆ ಶಿವಲಿಂಗಪ್ಪ ಕಾಕಾ ನೆನಪಾದರು.

ಎಂಬತ್ತರ ದಶಕದಲ್ಲಿ ಕಾಕಾ ಅದರ ಜೇವರ್ಗಿ ವರದಿಗಾರರು. ಫೋಟೋ ಅಂಟಿಸಿದ ಗುರುತಿನ ಚೀಟಿ ಅಂಗಿಯ ಜೇಬಿನಲ್ಲಿ ಸದಾ ಇರುತ್ತಿತ್ತು. ಮದುವೆ ಮನೆಗೂ ಅದನ್ನು ಬಿಟ್ಟು ಹೋದವರಲ್ಲ. ಬೆಂಗಳೂರಿನ ಸಂಜೆಯ ಪತ್ರಿಕೆ ನಮಗೆ ಮರುದಿನ ಮಧ್ಯಾಹ್ನ ಬಸ್ಸಿನಲ್ಲಿ ಬರುತ್ತಿತ್ತು; ಕಾಕಾ ಅಂಗಿ ತೊಟ್ಟು ಸ್ಟ್ಯಾಂಡಿಗೆ ಹೋಗಿ ತರುತ್ತಿದ್ದರು. ಅದನ್ನು ಹುಟ್ಟುಹಾಕಿದ ಮುದುಕರು ಮೊದಮೊದಲು ತಾವೇ ಅಕ್ಷರದ ಮೊಳೆ ಜೋಡಿಸುತ್ತಿದ್ದರಂತೆ. ಮಕ್ಕಳಿಗೆ ಆಸಕ್ತಿಯಿರಲಿಲ್ಲ, ಕಡೆಗೆ ಒಬ್ಬ ಸಾರಾಯಿ ಕಂಟ್ರಾಕ್ಟರರಿಗೆ ಮಾರಿದರು. ಕಾಕಾಗೆ ಯಾರೂ ತಿಳಿಸಲಿಲ್ಲ. ಕೊನೆಯ ಪುಟದ ಕೆಳಗೆ ಮಾಲೀಕರ ಹೆಸರು ಬೇರೆಯಾದದ್ದನ್ನು ಕಂಡು ಹೇಳಿದವರು ಕಾಕಿ.

ಅದೇ ಸುಮಾರಿಗೆ ಭೀಮೆಯ ದಂಡೆಯ ಹಳ್ಳಿಯೊಂದರಲ್ಲಿ ಕೆಟ್ಟ ಸಾರಾಯಿ ಕುಡಿದು ಇಬ್ಬರ ಕಣ್ಣು ಹೋದವು. ಕಾಕಾ ಬರೆದು ಕಳಿಸಿದರು. ಅಚ್ಚಾಗಲಿಲ್ಲ. ಮತ್ತೆ ಕಳಿಸಿದರು. ಈ ಸಲ ವಿಜಾಪುರಕ್ಕೆ ಹೊರಟಿದ್ದ ಹೊಸ ಮಾಲೀಕರೇ ಊಟದ ಹೊತ್ತಿಗೆ ಮನೆಗೆ ಬಂದರು. ಕಾಕಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು. ನಾನೂ ಪಂಕ್ತಿಯಲ್ಲಿದ್ದೆ.

"ಆ ತರದ ಸುದ್ದಿ ನಮಗೆ ಬೇಡ ಕಣ್ರೀ ಶಿವಲಿಂಗಪ್ಪ. ಶಾಲೆ, ಮಳೆ, ಸನ್ಮಾನ ಬರೀರಿ," ಎಂದರು ಮಾಲೀಕರು. ಕಾಕಾ ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಕಾಕಿ ಇನ್ನೊಂದು ರೊಟ್ಟಿ ಹಾಕುತ್ತ, "ಒಂದ ಮಾತ ಕೇಳ್ತೇನ್ರಿ ಸಾಹೇಬ್ರ. ಆ ಮುದುಕರು ಪೇಪರ್ ಮಾರುವಾಗ ಅದರ ಜೋಡಿ ಇವರ್ನೂ ಮಾರ್ಯಾರೇನ್ರಿ?" ಎಂದರು.

ಮಾಲೀಕರು ನಕ್ಕರು. ಕಾಕಾ ನಗಲಿಲ್ಲ. ಕೈತೊಳೆದು ಬಂದು, ಜೇಬಿನ ಚೀಟಿ ತೆಗೆದು ಅವರ ಮುಂದಿಟ್ಟರು. "ಇದು ನಿಮ್ದರಿ. ಸಾವಕಾಶ ಊಟ ಮಾಡ್ರಿ, ಗಡಬಡ ಇಲ್ಲ."

ಆಮೇಲೆ ಹೊಟ್ಟೆಪಾಡಿಗೆ ತಹಸೀಲ ಕಚೇರಿಯ ಮುಂದೆ ಜನರ ಅರ್ಜಿ ಬರೆಯುತ್ತ ಕೂತರು. ಮೊದಲು ಬರೆದದ್ದು ಆ ಇಬ್ಬರ ಪರಿಹಾರದ ಅರ್ಜಿ. ಅದಕ್ಕೆ ಉತ್ತರ ಬಂದದ್ದು ನನಗೆ ತಿಳಿಯದು. ಕಾಕಿಯ ಮಾತನ್ನು ಮಾತ್ರ ನಾನು ಎಷ್ಟೋ ಪಂಕ್ತಿಗಳಲ್ಲಿ ಹೇಳಿ ನಗಿಸಿದ್ದೇನೆ. ಅವರ ದನಿ ಅನುಕರಿಸಲು ಹೋಗಿ, ಅದು ಬಾರದೆ, ಅದಕ್ಕೂ ನಗಿಸಿದ್ದೇನೆ.

ಕಾಕಾ ತೀರಿ ವರ್ಷಗಳಾದವು. ಕ್ಷೌರ ಮುಗಿಸಿ ಕಾಕಿಯ ಮನೆಗೆ ಹೋಗಿ ಪತ್ರಿಕೆ ಮಾರಾಟವಾದ ಸುದ್ದಿ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ.

"ಪೇಪರ್ ಬಿಟ್ಟ ಮ್ಯಾಲೂ ನಿಮ್ಮ ಕಾಕಾ ಮಧ್ಯಾಹ್ನ ಉಣ್ಣಾಕ ಬಂದಾಗ, ಬಸ್ ಬರೂ ಹೊತ್ತಿಗೆ ಮತ್ತ ಅಂಗಿ ಹಾಕ್ಕೋತಿದ್ರು ತಮ್ಮಾ," ಎಂದರು. "ಸ್ಟ್ಯಾಂಡಿಗೆ ಹೋಗ್ತಿರಲಿಲ್ಲ. ಹಾಕ್ಕೊಂಡು ಸುಮ್ಮ ಕುಂಡ್ರತಿದ್ರು. ಅವತ್ತ ನಾ ಬಾಯಿ ಮುಚ್ಚಿಕೊಂಡಿದ್ರ ಅವರು ಬರಕೋತ ಇರ್ತಿದ್ರೇನೋ."

ಹಾಗೆಂದು ಚಹಾಕ್ಕಿಡಲು ಎದ್ದರು. ಮುಂದಿನ ಪಂಕ್ತಿಯಲ್ಲಿ ಯಾರಾದರೂ ಕಾಕಿಯ ಮಾತು ಹೇಳೆಂದರೆ, ಕಾಕಾ ಅಂಗಿ ಹಾಕಿಕೊಂಡು ಕೂತಿರುತ್ತಿದ್ದುದನ್ನೂ ಹೇಳಬೇಕಾಗುತ್ತದೆ.