ಹುಲ್ಲು ಕತ್ತರಿಸುವ ಎಂಜಿನ್ನಿನ ವಿಮಾನ

ಮತ್ತೆ ಹಗ್ಗ ಎಳೆದ. ಎಂಜಿನ್ ಹತ್ತಲಿಲ್ಲ.

“ಚೋಕ್ ತೆಗಿ ಗುರು. ಪೆಟ್ರೋಲ್ ಜಾಸ್ತಿ ಕುಡ್ದು ಕೂತಿದೆ ಅದು,” ಅಂದೆ.

ನಮ್ಮ ಫ್ಯಾಕ್ಟರಿ ಕಾಂಪೌಂಡಿನೊಳಗೆ ಹುಲ್ಲು ಕತ್ತರಿಸಲು ಬಂದಿದ್ದ ಆಳು ನನ್ನನ್ನು ಮೇಲಿಂದ ಕೆಳಗೆ ನೋಡಿದ. “ನೀವೇನ್ ಮೆಕ್ಯಾನಿಕ್ಕಾ ಅಣ್ಣ?” ಅಂದ. ಆದರೂ ಚೋಕ್ ತೆಗೆದು ಎಳೆದ. ಒಂದೇ ಏಟಿಗೆ ಹತ್ತಿಕೊಂಡಿತು. ನೀಲಿ ಹೊಗೆ ಬಂತು. ಪೆಟ್ರೋಲ್, ಅದರಲ್ಲಿ ಬೆರೆಸಿದ ಆಯಿಲ್, ಎರಡೂ ಸೇರಿ ಸುಟ್ಟ ವಾಸನೆ. ನನ್ನ ಕೈಯಲ್ಲಿ ಟೀ ಲೋಟ ಇತ್ತು. ಅದು ಆರುವ ತನಕ ಅಲ್ಲೇ ನಿಂತಿದ್ದೆ.

ಅಂಥದ್ದೇ ಒಂದು ಎಂಜಿನ್ನನ್ನು ನಾನೂ ಯಜಮಾನರೂ ಸೇರಿ ವಿಮಾನಕ್ಕೆ ಕೂರಿಸಿದ್ದೆವು.

ಯಜಮಾನರು ಅಂದರೆ ನಾನು ಮೊದಲು ಕೆಲಸಕ್ಕಿದ್ದ ಪ್ಯಾಟರ್ನ್ ಶಾಪಿನ ಯಜಮಾನರು. ಪೀಣ್ಯದ ಒಂದು ಹಿಂದಿನ ಗಲ್ಲಿಯಲ್ಲಿ ತಗಡಿನ ಶೆಡ್ಡು. ಪ್ಯಾಟರ್ನ್ ಅಂದರೆ ಜನಕ್ಕೆ ಗೊತ್ತಿರುವುದಿಲ್ಲ, ಹೇಳಿಬಿಡುತ್ತೇನೆ. ಪಂಪಿನ ಮೈಯನ್ನೋ ಮೋಟರಿನ ಮುಚ್ಚಳವನ್ನೋ ಎರಕ ಹೊಯ್ಯಬೇಕಾದರೆ ಮೊದಲು ಅದೇ ಆಕಾರವನ್ನು ಮರದಲ್ಲಿ ಮಾಡಬೇಕು. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಗುಂಡಿ ಉಳಿಯುತ್ತದೆ. ಆ ಗುಂಡಿಗೆ ಕರಗಿದ ಕಬ್ಬಿಣ ಸುರಿಯುತ್ತಾರೆ. ಕಬ್ಬಿಣ ಆರಿದಾಗ ಕುಗ್ಗುತ್ತದೆ. ಅದಕ್ಕೆ ಮರವನ್ನು ಚೂರು ದೊಡ್ಡದಾಗಿ ಮಾಡಬೇಕು. ಆ ಲೆಕ್ಕ ತಪ್ಪದಿರಲಿ ಎಂದು ಬೇರೆಯದೇ ಸ್ಕೇಲ್ ಇರುತ್ತದೆ. ನೋಡಲು ಮಾಮೂಲಿ ಸ್ಟೀಲ್ ಸ್ಕೇಲ್, ಆದರೆ ಅದರ ಗೀಟುಗಳ ನಡುವಿನ ಅಂತರ ಸ್ವಲ್ಪ ಜಾಸ್ತಿ. ಅಷ್ಟೇ ವಿದ್ಯೆ. ಹತ್ತನೇ ಕ್ಲಾಸು ದಾಟದ ನನಗೆ ಅದನ್ನು ಕಲಿಸಿದವರು ಅವರು.

ಯಜಮಾನರು ಪೀಣ್ಯದಾಚೆಯ ಮಾಕಳಿ ಊರಿನವರು. ಊರಿಗೆ ಮೊದಲಿನಿಂದ ಇದ್ದ ಮನೆತನ. ಅಣ್ಣತಮ್ಮಂದಿರು ಬಾಡಿಗೆ ಮನೆ ಕಟ್ಟಿಕೊಂಡು ಆರಾಮಾಗಿದ್ದರು. ಇವರು ಮಾತ್ರ ಬೆಳಗ್ಗೆ ಎದ್ದು ಉಳಿ ಹಿಡಿಯುತ್ತಿದ್ದರು. ಒಂದು ದಿನ ಗುಜರಿಯಿಂದ ಹುಲ್ಲಿನ ಮೆಷಿನ್ನಿನ ಎಂಜಿನ್ ತಂದು ಬೆಂಚಿನ ಮೇಲಿಟ್ಟು, ವಿಮಾನ ಮಾಡೋಣ ಅಂದರು. ರಿಮೋಟಿನಲ್ಲಿ ಹಾರಿಸುವ ವಿಮಾನ, ಆದರೆ ಬ್ಯಾಟರಿಯದಲ್ಲ, ಪೆಟ್ರೋಲಿನದು. ರೆಕ್ಕೆ ನನ್ನ ಎರಡು ಕೈ ಚಾಚಿದರೂ ಮೀರುವಷ್ಟು ಉದ್ದ.

“ಯಾಕೆ ಯಜಮಾನ್ರೇ?” ಅಂದೆ.

“ಇಷ್ಟು ವರ್ಸ ಮರದಾಗೆ ಮಾಡಿದ್ದೆಲ್ಲಾ ಕಬ್ಬಿಣ ಆಗೋಕೆ ಓಯ್ತು ಕಣ್ಲಾ. ಇದೊಂದು ಮರವಾಗೇ ಇರ್ಲಿ.”

“ಹಂಗಾದ್ರೆ ಒಂದು ಕುರ್ಚಿ ಮಾಡಿ.”

“ಕುರ್ಚಿ ಮಾಡಿದ್ರೆ ನಿನ್ನಂತ ಸೋಮಾರಿ ಬಂದು ಕುಂತ್ಕತಾನೆ. ಇದ್ರ ಮೇಲೆ ಯಾವನೂ ಕೂರಕಾಗಲ್ಲ.”

ಭಾನುವಾರಗಳಲ್ಲಿ ಕೆಲಸ ನಡೆಯಿತು. ಬಾಲ್ಸಾ ಅನ್ನುವ ಮರ, ಹತ್ತಿಯಷ್ಟು ಹಗುರ, ಉಗುರು ತಾಗಿದರೂ ಗುರುತು ಬೀಳುತ್ತದೆ. ತೇಗಕ್ಕೆ ಪಳಗಿದ ಅವರ ಕೈ ಅದನ್ನು ಮಗುವನ್ನು ಎತ್ತಿದ ಹಾಗೆ ಎತ್ತುತ್ತಿತ್ತು. ರೆಕ್ಕೆಯೊಳಗಿನ ಪಕ್ಕೆಗಳನ್ನು ಒಂದೊಂದಾಗಿ ಕೊಯ್ದು ಅಂಟಿಸಿದರು. ಎಲ್ಲ ಮುಗಿದ ಮೇಲೆ ರೆಕ್ಕೆಯನ್ನು ಮೈಗೆ ಕೂರಿಸಲು ಹೋದರೆ ಕೂರಲಿಲ್ಲ. ಎಲ್ಲಾ ಕಡೆಯೂ ಚೂರು ಚೂರು ದೊಡ್ಡದು.

ನಾನು ಸ್ಕೇಲ್ ತೆಗೆದು ನೋಡಿದೆ. ನಗು ತಡೆಯಲಾಗಲಿಲ್ಲ. ರೆಕ್ಕೆಯನ್ನು ಅವರು ಎರಕದ ಸ್ಕೇಲಿನಲ್ಲಿ ಅಳೆದಿದ್ದರು. “ಯಜಮಾನ್ರೇ, ಇದನ್ನೂ ಕರಗಿಸಿ ಹೊಯ್ತೀರಾ ಏನು?” ಅಂದೆ.

ಅವರೂ ನಕ್ಕರು. ಎರಡೂ ಸ್ಕೇಲನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಅಭ್ಯಾಸ ಬಲ ಕಣ್ಲಾ,” ಅಂದರು. ಮೈಯನ್ನೇ ಉಜ್ಜಿ ಸರಿಮಾಡಿದೆವು. ಯಾವ ಸ್ಕೇಲ್ ಯಾವುದು ಅಂತ ಅದರ ತುದಿಯಲ್ಲಿ ಸಣ್ಣದಾಗಿ ಕೊರೆದಿರುತ್ತದೆ. ಅದು ಅವರಿಗೆ ಕಾಣಿಸುತ್ತಿರಲಿಲ್ಲ ಅಂತ ನನಗೆ ಆವತ್ತು ಹೊಳೆಯಲಿಲ್ಲ.

ಇನ್ನೊಂದು. ಶೆಡ್ಡಿನ ಬಾಗಿಲಲ್ಲಿ ನಿಂತರೆ ದೂರದಲ್ಲಿ ಒಂದು ನೀರಿನ ಟ್ಯಾಂಕು ಕಾಣುತ್ತದೆ. ಅದರ ಮೇಲೆ ಏನೋ ಬರೆದಿದೆ. ದಿನಾ ಬೆಳಗ್ಗೆ ಬಂದ ಕೂಡಲೇ ಒಂದು ಕಣ್ಣು ಮುಚ್ಚಿಕೊಂಡು ಆ ಕಡೆ ನೋಡಿ, “ಅದರ ಮ್ಯಾಲೆ ಏನ್ ಬರ್ದವ್ರೆ ಓದ್ಲಾ,” ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಓದು ಬರದವನು ಅಂತ ಹಂಗಿಸುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ಸಲ, “ನೀವೇ ಓದ್ಕೊಳ್ಳಿ ಯಜಮಾನ್ರೇ, ನೀವು ದೊಡ್ಡ ಓದು ಓದಿದವರು,” ಅಂದುಬಿಟ್ಟೆ. ಅವರು ತಿರುಗಿ ಬೆಂಚಿನ ಕಡೆ ಹೋದರು.

ಅವರಿಗೆ ಸಕ್ಕರೆ ಕಾಯಿಲೆ. ಎಡಗಣ್ಣು ಮೊದಲೇ ಮಂಜಾಗಿತ್ತು, ಅದು ಎಲ್ಲರಿಗೂ ಗೊತ್ತು. ಬಲಗಣ್ಣಿಗೂ ಶುರುವಾಗಿದೆ ಅಂತ ಡಾಕ್ಟರು ಹೇಳಿದ್ದನ್ನು ಅವರು ತಮ್ಮೊಳಗೇ ಇಟ್ಟುಕೊಂಡಿದ್ದರು. ನನಗೆ ತಿಳಿದಿದ್ದು ರೆಕ್ಕೆಗೆ ಬಣ್ಣದ ಹಾಳೆ ಹೊದಿಸುವ ದಿನ. ಇಸ್ತ್ರಿಪೆಟ್ಟಿಗೆಯ ಬಿಸಿಗೆ ಅಂಟಿಕೊಳ್ಳುವ ತೆಳ್ಳನೆ ಪ್ಲಾಸ್ಟಿಕ್ಕು ಅದು. ಬಿಳಿ ಚೆನ್ನಾಗಿರುತ್ತದೆ ಅಂದೆ. ಅವರು ಕೇಳಲಿಲ್ಲ. ರೆಕ್ಕೆಯ ಮೇಲೆಲ್ಲಾ ಕಣ್ಣಿಗೆ ಹೊಡೆಯುವ ಹಳದಿ, ಕೆಳಗೆಲ್ಲಾ ಕಪ್ಪು.

“ಆಟೋ ಇದ್ದಂಗೈತೆ,” ಅಂದೆ.

“ಇರ್ಲಿ. ಇರೋ ಒಂದು ಕಣ್ಣೂ ಓಯ್ತಾ ಐತೆ ಕಣ್ಲಾ. ಅದು ಓಗೋದ್ರೊಳಗೆ ಇದು ಆರೋದನ್ನ ನೋಡ್ಬೇಕು. ಅಷ್ಟೇ ನಂಗೆ.”

ಇಸ್ತ್ರಿಪೆಟ್ಟಿಗೆ ಎತ್ತಿಕೊಂಡೆ. ಆಮೇಲೆ ಭಾನುವಾರಕ್ಕೆ ಕಾಯಲಿಲ್ಲ, ದಿನಾ ಸಂಜೆ ಕೂತೆವು.

ಎಂಜಿನ್ನನ್ನು ಬೆಂಚಿನ ವೈಸಿನ ದವಡೆಗೆ ಬಿಗಿದು ಓಡಿಸಿದೆವು. ಮೊದಲು ಕೆಮ್ಮಿತು, ನಿಂತಿತು, ಅದರ ಮೂತಿಗೆ ಕೂರಿಸಿದ್ದ ಫ್ಯಾನಿನಿಂದ ಅವರ ಬೆರಳಿಗೆ ಒಂದು ಏಟು ಕೊಟ್ಟಿತು. ಕಾರ್ಬ್ಯುರೇಟರಿನ ಸ್ಕ್ರೂವನ್ನು ಅವರು ಕಿವಿಗೊಟ್ಟು ಕೇಳುತ್ತಲೇ ತಿರುಗಿಸುತ್ತಿದ್ದರು. ಸದ್ದು ಒಂದೇ ಸಮ ಆದಾಗ ಶೆಡ್ಡಿನ ತಗಡೆಲ್ಲಾ ಗಡಗಡ ಅಂತಿತ್ತು. ಪಕ್ಕದ ವೆಲ್ಡಿಂಗ್ ಶಾಪಿನವರು ಬಂದು ಬೈದು, ಆಮೇಲೆ ಅಲ್ಲೇ ನಿಂತು ನೋಡಿ ಹೋದರು.

ಜೂನ್ ಕೊನೆಯ ಒಂದು ಭಾನುವಾರ ಬೆಳಗ್ಗೆ ಎಲ್ಲ ಮುಗಿಯಿತು. ರಿಮೋಟಿನ ಮಾತನ್ನು ವಿಮಾನ ಎಷ್ಟು ದೂರದ ತನಕ ಕೇಳುತ್ತದೆ ನೋಡಲು ಅದನ್ನು ಹಿಡಿದು ನಾನು ಗಲ್ಲಿಯ ಕೊನೆಯ ತನಕ ನಡೆದೆ, ಅವರು ವಿಮಾನದ ಪಕ್ಕದಿಂದ “ಬಾಲ ಆಡ್ತೈತೆ, ಓಗು ಇನ್ನೂ!” ಅಂತ ಕೂಗಿದರು. ರೆಕ್ಕೆಯ ಕೆಳಗೆ ಎರಡು ಬೆರಳಿಟ್ಟು ಎತ್ತಿ ನೋಡಿದರು. ಮೂತಿ ಚೂರೇ ಚೂರು ಕೆಳಗೆ ಬಾಗಿ ನಿಂತಿತು. ತೂಕ ಸರಿಯಾಗಿದೆ ಅಂತ ಅರ್ಥ. ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ.

“ಈಗ್ಲೇ ಹೋಗೋಣ ಯಜಮಾನ್ರೇ,” ಅಂದೆ.

ಅವರ ಹೆಂಡತಿ ತಿಂಡಿ ತಂದಿದ್ದರು. ಅವರನ್ನು ನಾನು ಅಮ್ಮ ಅಂತಲೇ ಕರೆಯುತ್ತಿದ್ದೆ. ಅವರು ಡಬ್ಬಿ ಕೆಳಗಿಟ್ಟು ನಮ್ಮಿಬ್ಬರನ್ನೂ ನೋಡಿದರು. “ಆಷಾಢ ಉಟ್ಟೈತೆ, ಗೊತ್ತಿಲ್ವಾ? ಆಷಾಢದಾಗೆ ಒಸಾ ಸ್ಕೂಟರ್ರೇ ತಗಿಯಲ್ಲ ಜನ. ನೀವು ಆಕಾಸಕ್ಕೆ ಬಿಡ್ತೀರಾ?”

“ಅಮ್ಮ, ಇದು ಆಟದ ಸಾಮಾನು.”

“ಆಟದ ಸಾಮಾನಾದ್ರೆ ಇವ್ರು ಯಾಕೆ ಅನ್ನ ಬಿಟ್ಟು ಮಾಡಿದ್ರು? ಶ್ರಾವಣ ಬರ್ಲಿ. ಪೂಜೆ ಮಾಡಿ ಬಿಡಿ.”

ನಾನು ಯಜಮಾನರ ಮುಖ ನೋಡಿದೆ. ಬೇಡ ಅನ್ನುತ್ತಾರೆ, ಈಗಲೇ ಹೊರಡೋಣ ಅನ್ನುತ್ತಾರೆ ಅಂದುಕೊಂಡೆ. ಅವರು ವಿಮಾನವನ್ನು ನಿಧಾನಕ್ಕೆ ಕೆಳಗಿಟ್ಟರು. “ಅವ್ಳು ಏಳೋದೂ ಸರಿ. ಗಾಳಿ ಬೇರೆ ಐತೆ,” ಅಂದರು.

ಗಾಳಿ ಇರಲಿಲ್ಲ.

ನಾನು ಜಗಳವಾಡಿದೆ. ಪಂಚಾಂಗ ನೋಡಿಕೊಂಡು ಕಣ್ಣು ಕಾಯುತ್ತದಾ ಅಂತ ಬಾಯಿಗೆ ಬಂದಿತ್ತು, ಅಮ್ಮ ಇದ್ದರು ಅಂತ ನುಂಗಿದೆ. ಆಮೇಲೆ ಯಜಮಾನರೊಬ್ಬರೇ ಸಿಕ್ಕಾಗ ಕೇಳಿದೆ. “ಅವ್ಳಿಗೆ ಬಲಗಣ್ಣಿನ ಇಸ್ಯ ಗೊತ್ತಿಲ್ಲ ಕಣ್ಲಾ. ಈಗ ಏಳಿದ್ರೆ ತಿಂಗ್ಳೆಲ್ಲಾ ಅಳ್ತಾಳೆ. ಒಂದು ತಿಂಗ್ಳು ತಾನೆ,” ಅಂದರು.

ಒಂದು ತಿಂಗಳು ತಾನೆ. ವಿಮಾನದ ಮೇಲೆ ಅಮ್ಮನ ಹಳೇ ಸೀರೆ ಹೊದಿಸಿದೆವು. ಆಷಾಢದ ಗಾಳಿ ಆಮೇಲೆ ನಿಜಕ್ಕೂ ಬಂತು, ತಗಡು ಹಾರುವ ಹಾಗೆ. ಅವರು ದಿನಾ ಬೆಳಗ್ಗೆ ಬಾಗಿಲಲ್ಲಿ ನಿಂತು ಟ್ಯಾಂಕಿನ ಕಡೆ ನೋಡುತ್ತಿದ್ದರು. ಅವರು ಕೇಳುವ ಮೊದಲೇ ನಾನು ಓದಿ ಹೇಳುತ್ತಿದ್ದೆ.

ಆಷಾಢ ಇನ್ನೂ ಮುಗಿದಿರಲಿಲ್ಲ. ಒಂದು ಬೆಳಗ್ಗೆ ಉಳಿ ಹಿಡಿದವರು ಹಾಗೇ ನಿಂತರು. “ಲೇ, ಲೈಟ್ ಆಕು,” ಅಂದರು. ಲೈಟ್ ಉರಿಯುತ್ತಿತ್ತು.

“ಕಣ್ಣೊಳಗೆ ಯಾರೋ ಇಂಕು ಚೆಲ್ದಂಗೈತೆ ಕಣ್ಲಾ…”

ಆಟೋದಲ್ಲಿ ಕರೆದುಕೊಂಡು ಹೋದೆ. ಕಣ್ಣಿನೊಳಗೆ ರಕ್ತನಾಳ ಒಡೆದಿದೆ ಅಂದರು ಡಾಕ್ಟರು. ಇಂಜೆಕ್ಷನ್ ಕೊಟ್ಟರು. ನೋಡೋಣ ಅಂದರು. ಆಸ್ಪತ್ರೆಯ ಬೆಂಚಿನ ಮೇಲೆ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು, “ನನ್ ಬಾಯಿಗೆ ಬೆಂಕಿ ಬೀಳ, ಆವತ್ತು ಸುಮ್ಕಿರ್ಬೇಕಿತ್ತು,” ಅಂದರು. ಯಜಮಾನರು ಅವರ ಕೈಯನ್ನು ತಡಕಾಡಿ ಹಿಡಿದುಕೊಂಡರು.

“ಏ ಸುಮ್ಕಿರಮ್ಮಿ. ಆವತ್ತು ಗಾಳಿ ಇತ್ತು. ಬೇಕಾದ್ರೆ ಇವ್ನನ್ನ ಕೇಳು.”

“ಹೌದಮ್ಮ,” ಅಂದೆ. “ಸಕ್ಕತ್ ಗಾಳಿ ಇತ್ತು.”

ಶ್ರಾವಣದ ಮೊದಲನೇ ಶನಿವಾರ ಹೊರಟೆವು. ಬೇಡ ಅಂತ ನಾನೇ ಹೇಳಿದ್ದೆ. ಅವರು ಒಪ್ಪಲಿಲ್ಲ. ಮಾಕಳಿಯ ಹಿಂದೆ ಒಂದು ಲೇಔಟ್ ಇತ್ತು. ರೋಡು ಹಾಕಿದ್ದರು, ಮನೆ ಬಂದಿರಲಿಲ್ಲ. ನೇರ ಟಾರು. ಅಮ್ಮ ವಿಮಾನಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಹಣ್ಣು ಚಕ್ರದಷ್ಟೇ ದೊಡ್ಡದು.

“ಇದ್ರ ಮೇಲೆ ಹತ್ತಿದ್ರೆ ವಿಮಾನ ಮಗುಚ್ಕೊಳ್ಳುತ್ತಮ್ಮ,” ಅಂದೆ.

ಯಜಮಾನರು ಮಂಡಿಯೂರಿ ಕೂತು, ಮುಟ್ಟಿ ಮುಟ್ಟಿ ಹಣ್ಣು ಹುಡುಕಿ, ಅಂಗೈಯಲ್ಲೇ ಅದನ್ನು ಚಕ್ರಕ್ಕೆ ಒತ್ತಿ ಹಿಂಡಿದರು. “ಆಯ್ತು ತಗಾ. ಸಾಸ್ತ್ರ ಮುಗೀತು.”

ಅವರು ಹಾರಿಸಬೇಕೆಂದು ಮಾತಾಗಿತ್ತು. ಥರ್ಮೋಕೋಲಿನ ಸಣ್ಣ ವಿಮಾನದಲ್ಲಿ ಇಬ್ಬರೂ ಕಲಿತಿದ್ದೆವು, ಅವರ ಕೈ ನನಗಿಂತ ಚೆನ್ನಾಗಿತ್ತು. ಅವರು ರಿಮೋಟನ್ನು ನನ್ನ ಕೈಗಿಟ್ಟರು. ತಾವು ವಿಮಾನದ ಪಕ್ಕ ಕೂತು, ರೆಕ್ಕೆ ಮತ್ತು ಬಾಲದ ಅಂಚಿನಲ್ಲಿ ಅಲುಗುವ ಪಟ್ಟಿಗಳ ಮೇಲೆ ಬೆರಳಿಟ್ಟರು. “ಬಲಕ್ಕೆ ಕೊಡು… ಸರಿ. ಎಡಕ್ಕೆ… ಸರಿ. ಬಾಲ ಎತ್ತು… ಹ್ಞಾಂ.” ಫ್ಯಾನ್ ತಿರುಗಿಸಿದ್ದು ನಾನೇ. ಹತ್ತಿತು. ಅವರು ತಲೆ ಓರೆ ಮಾಡಿ ಸದ್ದು ಕೇಳಿದರು. ಸ್ಕ್ರೂಗೆ ಕೈ ಹಾಕಲಿಲ್ಲ. “ಬಿಡು,” ಅಂದರು.

ಬಿಟ್ಟೆ. ಟಾರಿನ ಮೇಲೆ ಓಡಿತು, ಬಾಲ ಎತ್ತಿತು, ಆಮೇಲೆ ನೆಲಕ್ಕೂ ಚಕ್ರಕ್ಕೂ ನಡುವೆ ಬೆಳಕು ಕಂಡಿತು. ಎತ್ತರಕ್ಕೆ ಹೋಗಿ ತಿರುಗಿಸಿಕೊಂಡು ನಮ್ಮ ತಲೆಯ ಮೇಲೇ ತಂದೆ. ಕೆಳಗಿಂದ ನೋಡಿದರೆ ಬರೀ ಕಪ್ಪು, ಕಾಗೆಯ ಹಾಗೆ.

“ಯಜಮಾನ್ರೇ, ತಲೆ ಮೇಲೇ ಇದೆ!”

“ಕಾಣ್ತೈತೆ ಕಣ್ಲಾ,” ಅಂದರು. “ಅಳದಿ ಚೆನ್ನಾಗಿ ಕಾಣ್ತೈತೆ.”

ಕಣ್ಣಲ್ಲಿ ನೀರು ಬಂದರೆ ವಿಮಾನ ಬೀಳುತ್ತದೆ. ಹಲ್ಲು ಕಚ್ಚಿ ಹಾರಿಸಿದೆ. ಇಳಿಸುವಾಗ ಎರಡು ಸಲ ಕುಪ್ಪಳಿಸಿ, ಒಂದು ಚಕ್ರ ಸೊಟ್ಟಗಾಗಿ ನಿಂತಿತು. ಅವರು ಬಂದು ಸೈಲೆನ್ಸರಿನ ಬಿಸಿ ಮುಟ್ಟಿದರು, ರೆಕ್ಕೆ ಸವರಿದರು, ಸೊಟ್ಟ ಚಕ್ರ ಬೆರಳಿಗೆ ಸಿಕ್ಕಿತು. “ಎತ್ತಿನ ಗಾಡಿ ಇಳ್ಸ್ದಂಗೆ ಇಳ್ಸಿದ್ಯಲ್ಲೋ ಬಡ್ಡೀಮಗನೇ,” ಅಂದರು. ಬಹಳ ಹೊತ್ತು ಅದರ ಪಕ್ಕದಲ್ಲೇ ಟಾರಿನ ಮೇಲೆ ಕೂತಿದ್ದರು.

ಕಣ್ಣಿಗೆ ಬೆಳಕು ವಾಪಸ್ ಬರಲಿಲ್ಲ. ಸಕ್ಕರೆ ಕಿಡ್ನಿಗೂ ಇಳಿಯಿತು. ಮುಂದಿನ ಆಷಾಢಕ್ಕೆ ಅವರು ಇರಲಿಲ್ಲ. ಶೆಡ್ಡನ್ನು ಈಗ ಯಾರೋ ಗೋಡೌನ್ ಮಾಡಿಕೊಂಡಿದ್ದಾರೆ. ವಿಮಾನವನ್ನು ಅಮ್ಮ ನನಗೇ ಕೊಟ್ಟರು. ರೆಕ್ಕೆ ನನ್ನ ಮಂಚದ ಕೆಳಗಿದೆ, ಮೈ ಬೀರುವಿನ ಮೇಲಿದೆ. ಸೊಟ್ಟ ಚಕ್ರ ಹಾಗೇ ಇದೆ. ಮತ್ತೆ ಹಾರಿಸಿಲ್ಲ.

ಹಾರಿಸಿದ ದಿನ ಅಮ್ಮನ ಕೈಗೆ ನನ್ನ ಫೋನ್ ಕೊಟ್ಟು ವೀಡಿಯೋ ತೆಗೆಯಲು ಹೇಳಿದ್ದೆ. ಆಮೇಲೆ ನೋಡಿದರೆ ಅದರಲ್ಲಿ ವಿಮಾನ ಎಲ್ಲೂ ಇಲ್ಲ. “ಅದು ಎಲ್ಲಿ ಸಿಕ್ತೈತಪ್ಪ ನಂಗೆ, ಸುಂಯ್ ಅಂತ ಓಡ್ತೈತೆ. ಇವ್ರು ನಿಂತಲ್ಲೇ ನಿಂತಿದ್ರು,” ಅಂದಿದ್ದರು ಅಮ್ಮ.

ಹುಲ್ಲಿನ ಆಳು ಮೆಷಿನ್ ನಿಲ್ಲಿಸಿ ಆ ಮೂಲೆಗೆ ಹೋದ. ನಾನು ಟೀ ಚೆಲ್ಲಿ ಫೋನ್ ತೆಗೆದೆ. ವೀಡಿಯೋದಲ್ಲಿ ಪೂರ್ತಿ ಅವರ ಮುಖವೇ. ಸದ್ದು ಎಡಕ್ಕೆ ಹೋದರೆ ಮುಖ ಎಡಕ್ಕೆ, ಬಲಕ್ಕೆ ಬಂದರೆ ಬಲಕ್ಕೆ. ಕೊನೆಗೆ ಸದ್ದು ನಿಲ್ಲುತ್ತದೆ. “ಇಳೀತು ಯಜಮಾನ್ರೇ!” ಅಂತ ನಾನು ಕಿರುಚುವುದು ಕೇಳುತ್ತದೆ. ಅವರು ಇನ್ನೂ ಮೇಲೆಯೇ ನೋಡುತ್ತಿದ್ದಾರೆ.

ಅಷ್ಟೇ.