ಸೋಮಣ್ಣ ನೀಲಗಾರನ ಅನಿಲಿನ್ ಪಾಠ

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರಲ್ಲಿ ಸೋಮಣ್ಣ ಇಪ್ಪತ್ತಾರು ವರ್ಷ ದುಡಿದ. ಓದಿದ್ದು ಏಳನೇ ಇಯತ್ತೆ. ಅವನ ಅಜ್ಜ ಗುಳೇದಗುಡ್ಡದಲ್ಲಿ ನೂಲಿಗೆ ನೀಲಿ ಹಾಕುತ್ತಿದ್ದವನು. ಮೊಣಕೈವರೆಗೆ ನೀಲಿಗಟ್ಟಿದ ಆ ಕೈ ಕಂಡು ಓಣಿಯ ಹುಡುಗರು ನಗುತ್ತಿದ್ದರು. ಆ ನಗು ಕಳವಾ ಎಂಬ ಊರಿನ ಬಾಡಿಗೆ ಖೋಲಿಯವರೆಗೂ ಸೋಮಣ್ಣನ ಬೆನ್ನು ಹತ್ತಿ ಬಂದಿತ್ತು. ಮನೆತನದ ಅಡ್ಡಹೆಸರು ನೀಲಗಾರ; ಯಾರಾದರೂ ಅದನ್ನು ಕೇಳಿದರೆ ಮಾತು ಹಾರಿಸಿಬಿಡುತ್ತಿದ್ದ.

೨೦೦೪ರಲ್ಲಿ ಒಂದು ದಿನ ಲ್ಯಾಬಿನ ಕೆಮಿಸ್ಟ್ ಸ್ವರ್ಣಲತಾ ಅವರನ್ನು ಕೇಳಿದ, "ಮೇಡಂ, ಡ್ರಮ್ಮಿನ ಮ್ಯಾಲ ಅನಿಲಿನ್ ಅಂತ ಬರದಾರಲ್ರೀ, ಹಂಗಂದ್ರ ಏನ್ರಿ?"

ಆಕೆ ಉಡುಪಿಯವರು. ನಕ್ಕು ಹೇಳಿದರು, "ನಿಮ್ಮ ಮನೆಯ ಹೆಸರೇ ಅಲ್ವಾ ಸೋಮಣ್ಣ! ನಮ್ಮ ನೀಲ ಅರಬರಲ್ಲಿ ಅನ್-ನೀಲ್ ಆಯ್ತು, ಪೋರ್ಚುಗೀಸರಲ್ಲಿ ಅನಿಲ್. ಆಮೇಲೆ ಯುರೋಪಿನಲ್ಲಿ ಒಬ್ಬರು ನೀಲಿಯನ್ನು ಕ್ಷಾರದೊಟ್ಟಿಗೆ ಕಾಯಿಸಿ ಎಣ್ಣೆ ಇಳಿಸಿದ್ರು, ಅದಕ್ಕೆ ಅನಿಲಿನ್ ಅಂತ ಹೆಸರಿಟ್ರು. ಈಗ ಬೇರೆ ರೀತಿ ಮಾಡ್ತಾರೆ, ಹೆಸರು ಅದೇ. ಆದ್ರೆ ಜಾಗ್ರತೆ, ಅದು ಚರ್ಮದಿಂದಲೇ ಒಳಗೆ ಹೋಗ್ತದೆ. ರಕ್ತ ಕೆಟ್ಟು ಉಗುರು, ತುಟಿ ನೀಲಿಯಾಗ್ತದೆ."

ಸೋಮಣ್ಣನ ಎದೆ ಉಬ್ಬಿತು. ಅಜ್ಜನ ನೀಲಿ ಹಂಡೆಯ ಹೆಸರು ಏಳು ಸಮುದ್ರ ಸುತ್ತಿ ಡ್ರಮ್ಮಿನ ಮೇಲೆ ಬಂದು ಕೂತಿದೆ, ತಾನು ದಿನಾ ಅದನ್ನೇ ಉರುಳಿಸುತ್ತಿದ್ದೇನೆ! ಅಂದಿನಿಂದ ಹೊಸಬರು ಯಾರೇ ಬರಲಿ, ಮೊದಲು ಈ ಹೆಸರಿನ ಕಥೆ, ಆಮೇಲೆ ಉಗುರಿನ ಪಾಠ. ಪಾಳಿ ಮುಗಿದ ಮೇಲೆ ಗೇಟಿನಲ್ಲಿ ನಿಂತು ಎಲ್ಲರ ಕೈ ನೋಡುತ್ತಿದ್ದ. ನೋಡಿ, "ಸಾಫ್ ಐತಿ, ಮನೀಗೆ ಹೋಗು" ಅಂದ ಮೇಲೇ ಬಿಡುತ್ತಿದ್ದದ್ದು.

ಮ್ಯಾನೇಜರನಿಗೆ ಇದು ಮೈ ಉರಿಯುವ ಸಂಗತಿ. ಏಳನೇ ಇಯತ್ತೆಯವನು ಮಾಸ್ತರಿಕೆ ಮಾಡುವುದೇ? ೨೦೦೯ರ ಒಂದು ಸೋಮವಾರ, ಜನಕ್ಕೆ ಲೋಕಲ್ ರೈಲು ತಪ್ಪುತ್ತದೆ ಎಂಬ ನೆಪ ತೆಗೆದು, ನಾಳೆಯಿಂದ ಈ ನಾಟಕ ಬಂದ್, ಗೇಟಿನಲ್ಲಿ ಕಂಡರೆ ನೌಕರಿ ಹೋಗುತ್ತದೆ ಎಂದು ಎಲ್ಲರೆದುರು ಗದರಿದ. ಮಂಗಳವಾರ ಮೂರು ಗಂಟೆಗೆ ಪಾಳಿ ಬಿಟ್ಟಾಗ ಸೋಮಣ್ಣ ಅದೇ ಗೇಟಿನಲ್ಲಿ ನಿಂತಿದ್ದ. ಹಟಮಾರಿ ಎಂದರೆ ಹಟಮಾರಿಯೇ.

ಎಲ್ಲರೂ ಬಂದರು, ಅದೇ ಪಾಳಿಯ ಕರಾವಳಿ ಕಡೆಯ ಕೆಲಸಗಾರ ಭುಜಂಗ ಬರಲಿಲ್ಲ. ಹುಡುಕಿಕೊಂಡು ಹೋದರೆ ಆತ ನಲ್ಲಿಯ ಕೆಳಗೆ ನೀಲಿಗಟ್ಟಿದ ಉಗುರು ತಿಕ್ಕುತ್ತಿದ್ದ. ಬಣ್ಣದ ಕಾರ್ಖಾನೆಯಲ್ಲಿ ಯಾರ ಉಗುರು ಯಾವ ಬಣ್ಣವಿದ್ದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

"ಎಂತ ಬಣ್ಣ ಇದು ಸೋಮಣ್ಣ, ಸೋಪಿಗೂ ಹೋಗುದಿಲ್ಲ. ತಲೆ ಬೇರೆ ತಿರುಗ್ತದೆ."

"ಉಗುರಿಗೆ ಬಣ್ಣ ಹತ್ತತೈತಿ. ತುಟಿಗ್ಯಾಕ ಹತ್ತೇತಿ?"

ಬೆಳಿಗ್ಗೆ ಪಂಪಿನಿಂದ ಸೋರಿದ ಅನಿಲಿನ್ ಭುಜಂಗನ ಪ್ಯಾಂಟಿಗೆ ಬಿದ್ದಿತ್ತು. ಒಣಗುತ್ತದೆ ಬಿಡು ಎಂದು ಅವನು ಅದರಲ್ಲೇ ದುಡಿದಿದ್ದ. ಸೋಮಣ್ಣ ಅವನ ಬಟ್ಟೆ ಕಳಚಿ ಶವರಿನ ಕೆಳಗೆ ನಿಲ್ಲಿಸಿದ, ಒರೆಸಿ, ಬೇರೆ ಬಟ್ಟೆ ತೊಡಿಸಿ, ರಿಕ್ಷಾದಲ್ಲಿ ಆಸ್ಪತ್ರೆಗೆ ಒಯ್ದ. ಡಾಕ್ಟರು ಬಾಯಿ ತೆರೆಯುವ ಮೊದಲೇ, "ಅನಿಲಿನ್ ರೀ" ಎಂದ.

ಡಾಕ್ಟರು ಸಿರಿಂಜಿನಲ್ಲಿ ತುಂಬಿದ್ದೂ ಗಾಢ ನೀಲಿ ದ್ರವವೇ! ಸೋಮಣ್ಣ ತಡೆಯಲೆಂದು ಅವರ ಕೈ ಹಿಡಿಯಲು ಹೋದ. ಇದೇ ಇದಕ್ಕೆ ಮದ್ದು, ಇದೂ ಒಂದು ಬಣ್ಣವೇ ಎಂದು ಅವರು ತಿಳಿಸಿದ ಮೇಲೆ ಬೆಂಚಿನ ಮೇಲೆ ಕೂತ. ನೋಡನೋಡುತ್ತ ಭುಜಂಗನ ತುಟಿ ಕೆಂಪಿಗೆ ತಿರುಗಿತು. ಸೋಮಣ್ಣ ಅಲ್ಲೇ ಅತ್ತ, ಸಂಕೋಚವಿಲ್ಲದೆ. ಇನ್ನೂ ತಡವಾಗಿದ್ದರೆ ಜೀವ ಹೋಗುತ್ತಿತ್ತು ಎಂದರು ಡಾಕ್ಟರು. ರಿಜಿಸ್ಟರಿನಲ್ಲಿ ಕರೆತಂದವರ ಹೆಸರು ಬರೆಯುವಾಗ ಅವನು ಅಡ್ಡಹೆಸರು ತಪ್ಪಿಸಲಿಲ್ಲ. ಸೋಮಣ್ಣ ನೀಲಗಾರ ಎಂದು ಪೂರಾ ಬರೆದ.

ಮ್ಯಾನೇಜರ್ ಮತ್ತೆ ಗೇಟಿನ ಸುದ್ದಿ ಎತ್ತಲಿಲ್ಲ. ೨೦೧೪ರಲ್ಲಿ ಸೋಮಣ್ಣ ನಿವೃತ್ತನಾದಾಗ ಶಾಲು ಹೊದಿಸಿದವನೂ ಅವನೇ. ಕೊನೆಗೆ ಭುಜಂಗ ಎದ್ದು ಬಂದ. ಹಾರ ಹಾಕಲಿಲ್ಲ. ಸುಮ್ಮನೆ ಎರಡೂ ಕೈ ಮುಂದೆ ಚಾಚಿದ. ಸೋಮಣ್ಣ ಕನ್ನಡಕ ಸರಿಮಾಡಿಕೊಂಡು ಹತ್ತೂ ಉಗುರು ಒಂದೊಂದಾಗಿ ನೋಡಿದ.

"ಸಾಫ್ ಐತಿ," ಎಂದ, "ಮನೀಗೆ ಹೋಗು."