ಬಾಗಿಲು ಮುಚ್ಚುವ ಮೊದಲಿನ ಮಾತು

ಮೆಹದಿಪಟ್ಟಣಂನಲ್ಲಿ ನಮ್ಮ ಕನ್ನಡದ ಮಂದಿಯೇ ಹೆಚ್ಚಾಗಿ ಬರುತ್ತಿದ್ದ ಆಪ್ತಸಮಾಲೋಚಕಿಯೊಬ್ಬರ ಕೋಣೆಯ ಹೊರಗೆ ಬಂದವರನ್ನು ಕೂರಿಸುವ ಕೆಲಸ ನನ್ನದಾಗಿತ್ತು. ಮಗಳ ಜೊತೆ ತಾಯಿ, ಅಜ್ಜಿ, ಅತ್ತೆ ಎಲ್ಲರೂ ಒಳನುಗ್ಗುವುದು ನಮ್ಮ ಕಡೆಯ ರೂಢಿ. ಮೇಡಮ್ ತಾವೇ ಎದ್ದು ಬಂದು ಹಿರಿಯರಿಗೆ ಹೊರಗೆ ಕುರ್ಚಿ ಹಾಕಿಕೊಡುತ್ತಿದ್ದರು. ಬಾಗಿಲು ಮುಚ್ಚುವ ಮೊದಲು ಎಲ್ಲರಿಗೂ ಕೇಳುವಂತೆ ಅದೇ ಮಾತು: “ಇಲ್ಲಿ ಹೇಳಿದ್ದು ಇಲ್ಲೇ ಇರ್ತೈತ್ರಿ. ಆದ್ರ ಮಕ್ಕಳ ಮೈಮ್ಯಾಲೆ ಯಾರರೆ ಕೈ ಹಾಕಿದ್ರ ನಾ ಪೊಲೀಸರಿಗೆ ಹೇಳಬೇಕಾಕ್ಕೈತಿ. ಕಾನೂನು ಐತಿ.”

“ಹಿಂಗ ಮೊದಲೇ ಹೆದರಿಸಿದ್ರ ಯಾರು ಬಾಯಿ ಬಿಡ್ತಾರ್ರಿ?” ಎಂದು ನಾನು ರೇಗುತ್ತಿದ್ದೆ. ಅವರು ಕನ್ನಡಕ ಒರೆಸುತ್ತ, “ಮೋಸ ಮಾಡಿ ಬಾಯಿ ಬಿಡಿಸಬಾರದವ್ವ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಶಾಲೆಯ ಹುಡುಗಿಯೊಬ್ಬಳು ಒಳಗೆ ಎಲ್ಲವನ್ನೂ ಹೇಳಿಬಿಟ್ಟಳು. ಮೇಡಮ್ ತಾಯಿಯನ್ನು ಕರೆದು, ನನಗೆ ನೀರು ತರಲು ಹೇಳಿ, ಹುಡುಗಿಯ ಎದುರಿಗೇ ಫೋನು ಕೈಗೆತ್ತಿಕೊಂಡರು. ತಾಯಿ ಕೈಮುಗಿದಳು: “ಬ್ಯಾಡ್ರಿ, ಅವ ನಮ್ಮ ಮನಿಯವನೇ ಅದಾನ. ಮರ್ಯಾದಿ ಹೋಕ್ಕೈತಿ.” ಆಮೇಲೆ ಮಗಳ ಕಡೆ ತಿರುಗಿ ಸಿಡುಕಿದಳು: “ಇವರು ಪೊಲೀಸರಿಗೆ ಹೇಳ್ತಾರಂತ ಗೊತ್ತಿತ್ತಲ್ಲ? ಮತ್ಯಾಕ ಹೇಳಿದಿ?”

ಹುಡುಗಿ ತಲೆ ಎತ್ತಿದಳು.

“ಅದಕ್ಕೇ ಹೇಳಿದೆ, ಅವ್ವ. ನಿನಗ ಹೇಳಿದಾಗ ನೀ ಯಾರಿಗೂ ಹೇಳಲಿಲ್ಲ.”